ಊರಿನಲ್ಲಿ ಮನಸ್ಸಿನ ಕಾಯಿಲೆಯ ಮಾತು ಎತ್ತುವುದು ಹೇಗೆ? ಆಶಾ, ಸಂಘ, ಪಂಚಾಯಿತಿಯವರಿಗೆ ಮಾರ್ಗದರ್ಶಿ

ಅಕ್ಟೋಬರ್ 10 ಬಂತೆಂದರೆ ಪಂಚಾಯಿತಿ ಕಚೇರಿ ಮುಂದೆ ಬ್ಯಾನರ್ ಏರುತ್ತದೆ. ವಿಶ್ವ ಮಾನಸಿಕ ಆರೋಗ್ಯ ದಿನ, ದೀಪ ಬೆಳಗುವುದು, ಮೂರು ಭಾಷಣ, ಟೀ ಬಿಸ್ಕತ್ತು, ಗ್ರೂಪ್ ಫೋಟೊ. ಮುಂದಿನ ವಾರ ಆ ಊರಿಂದ ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಎಷ್ಟು ಜನ ಹೋದರು ಎಂದು ಕೇಳಿದರೆ ಹಲವು ಕಡೆ ಉತ್ತರ ಸೊನ್ನೆ. ಭಾಷಣದಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ‘ಚಿಕಿತ್ಸೆ ಪಡೆಯಿರಿ’ ಎಂದವರು ಎಲ್ಲಿ, ಯಾವ ದಿನ, ಯಾವ ಬಸ್ಸಿಗೆ, ಯಾರ ಜೊತೆ ಎಂಬುದನ್ನು ಹೇಳಿರುವುದಿಲ್ಲ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಕ್ರಮವನ್ನು ತಿರುಗಿಸಿಕೊಳ್ಳಬೇಕು. ಮೊದಲು ದಾರಿ ಸಿದ್ಧವಾಗಲಿ, ಆಮೇಲೆ ಮಾತು. ಕಾಯಿಲೆ ಬಿದ್ದವನು ಗುಣವಾಗಿ ಡೈರಿಗೆ ಹಾಲು ತಂದು ಹಾಕುವುದನ್ನು ಊರು ಕಣ್ಣಾರೆ ಕಂಡಾಗ ಕಳಂಕ ಇಳಿಯುವಷ್ಟು ಯಾವ ಪೋಸ್ಟರಿನಿಂದಲೂ ಇಳಿಯುವುದಿಲ್ಲ.

1. ಮೊದಲು ದಾರಿ

ಸಭೆಗೆ ಎರಡು ವಾರ ಮುಂಚೆ ತಾಲ್ಲೂಕು ಆಸ್ಪತ್ರೆಗೆ ನೀವೇ ಹೋಗಿ ಬನ್ನಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆ ಇದೆ. ಒಬ್ಬರೇ ವೈದ್ಯರು ಹಲವು ತಾಲ್ಲೂಕು ಸುತ್ತಬೇಕಾದ ಕಡೆ ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆ ಎಂಬುದನ್ನು ಅಲ್ಲೇ ಕೇಳಿ ಬರೆದುಕೊಳ್ಳಿ. ಯಾವ ಕೊಠಡಿ, ಚೀಟಿ ಎಷ್ಟು ಗಂಟೆವರೆಗೆ ಕೊಡುತ್ತಾರೆ, ಔಷಧ ಎಷ್ಟು ದಿನಕ್ಕೆ ಸಿಗುತ್ತದೆ, ಎರಡನೇ ತಿಂಗಳ ಮಾತ್ರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆಯೇ, ಇಷ್ಟನ್ನೂ ಕೇಳಿ. ಮಾತ್ರೆಗೆ ಪ್ರತಿ ತಿಂಗಳು 40 ಕಿಲೋಮೀಟರ್ ಹೋಗಿ ಬರಬೇಕು ಎಂದರೆ ಮೂರನೇ ತಿಂಗಳಿಗೆ ಜನ ಬಿಟ್ಟುಬಿಡುತ್ತಾರೆ. ಹಾಗಾಗಿ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿದರೆ ಸಿಗುತ್ತಾರೆ. ದೊಡ್ಡ ತೊಂದರೆಗೆ ಕೋಲಾರದವರಿಗೆ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ತುಮಕೂರು ಮತ್ತು ಚಿಕ್ಕಬಳ್ಳಾಪುರದವರಿಗೆ ಅವರವರ ಜಿಲ್ಲಾ ಆಸ್ಪತ್ರೆ. ಅದಕ್ಕೂ ಮೇಲೆ ಬೆಂಗಳೂರಿನ ನಿಮ್ಹಾನ್ಸ್. ಎಲ್ಲರನ್ನೂ ನೇರವಾಗಿ ನಿಮ್ಹಾನ್ಸಿಗೆ ಕಳಿಸುವ ಅಭ್ಯಾಸ ಈ ಮೂರು ಜಿಲ್ಲೆಗಳಲ್ಲಿ ಜಾಸ್ತಿ, ಹತ್ತಿರವಿದೆ ಎಂಬ ಕಾರಣಕ್ಕೆ. ಒಮ್ಮೆ ಹೋದವರು ಇಡೀ ದಿನ ಸಾಲಿನಲ್ಲಿ ನಿಂತು ಎರಡನೇ ಸಲ ಹೋಗುವುದಿಲ್ಲ. ತಾಲ್ಲೂಕಿನಲ್ಲಿ ಆಗುವುದನ್ನು ತಾಲ್ಲೂಕಿನಲ್ಲೇ ಮುಗಿಸುವುದು ಒಳ್ಳೆಯದು.

ಟೆಲಿ ಮನಸ್ ಸಹಾಯವಾಣಿ 14416. ಹಗಲು ರಾತ್ರಿ, ಉಚಿತ, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಕನ್ನಡ, ತೆಲುಗು ಎರಡರಲ್ಲೂ ಮಾತಾಡಬಹುದು. ಸಭೆಯಲ್ಲಿ ನಂಬರ್ ಹೇಳುವ ಮುಂಚೆ ನೀವೊಮ್ಮೆ ಕರೆ ಮಾಡಿ ನೋಡಿ. ಯಾವ ಗುಂಡಿ ಒತ್ತಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಗೊತ್ತಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಇದೆಲ್ಲವನ್ನೂ ಅಂಗೈಯಗಲದ ಚೀಟಿಯಲ್ಲಿ ಹೀಗೆ ಬರೆಸಿ:

ನಿದ್ದೆ ಇಲ್ಲವೇ? ಎರಡು ವಾರದಿಂದ ಯಾವುದಕ್ಕೂ ಮನಸ್ಸಿಲ್ಲವೇ? ಮನೆಯವರೊಬ್ಬರು ಒಬ್ಬರೇ ಮಾತಾಡುತ್ತಾರೆಯೇ, ಸುಮ್ಮಸುಮ್ಮನೆ ಅನುಮಾನ ಪಡುತ್ತಾರೆಯೇ?
ಫೋನ್: 14416 (ಉಚಿತ, ಯಾವ ಹೊತ್ತಿನಲ್ಲಾದರೂ)
ಆಸ್ಪತ್ರೆ: ______ ಕೊಠಡಿ: ____ ದಿನ: ______ ಚೀಟಿ ಸಮಯ: ______
ಬಸ್ಸು: ______ಕ್ಕೆ ಹೊರಟು ______ಕ್ಕೆ ವಾಪಸ್
ಜೊತೆಗೆ ಬರುವವರು: ಆಶಾ ಅಕ್ಕ

‘ಮಾನಸಿಕ ರೋಗಿಗಳಿಗೆ’ ಎಂಬ ತಲೆಬರಹ ಹಾಕಬೇಡಿ. ಅಂಥ ಚೀಟಿಯನ್ನು ಯಾರೂ ಜೇಬಿಗೆ ಹಾಕಿಕೊಳ್ಳುವುದಿಲ್ಲ. ಡೈರಿ, ನ್ಯಾಯಬೆಲೆ ಅಂಗಡಿ, ಗೊಬ್ಬರದ ಅಂಗಡಿ, ಅಂಗನವಾಡಿ, ಪಂಚಾಯಿತಿ ಗ್ರಂಥಾಲಯ, ಇಷ್ಟು ಕಡೆ ಇಟ್ಟರೆ ಸಾಕು. ಖರ್ಚಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತ ನಿಧಿಯನ್ನು ಸಮಿತಿಯ ಮುಂದಿಟ್ಟು ಕೇಳಬಹುದು.

2. ಯಾರನ್ನು, ಎಲ್ಲಿ, ಯಾವಾಗ

200 ಜನರ ಸಭೆ ಬೇಡ. 15ರಿಂದ 25 ಜನ, ಅದೂ ಈಗಾಗಲೇ ಸೇರುವ ಕಡೆ. ಹೆಂಗಸರಿಗೆ ಸಂಘದ ಉಳಿತಾಯದ ದಿನ, ಗಂಡಸರಿಗೆ ಸಂಜೆ ಹಾಲು ಹಾಕಿದ ಮೇಲೆ ಡೈರಿ ಕಟ್ಟೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಹೆಂಗಸರು ಬಾಯಿ ಬಿಡುವುದಿಲ್ಲ. ಎಲ್ಲಕ್ಕಿಂತ ಮೊದಲು ಆಶಾ, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಡೈರಿ ಕಾರ್ಯದರ್ಶಿ, ಗೊಬ್ಬರದ ಅಂಗಡಿಯವರು, ಗುಡಿಯ ಪೂಜಾರಿ, ಹೀಗೆ ಆರೇಳು ಜನರನ್ನು ಪ್ರತ್ಯೇಕವಾಗಿ ಕೂರಿಸಿ. ಮುಂದೆ ಊರಿನ ಜನ ಕೇಳಲು ಬರುವುದು ಇವರ ಹತ್ತಿರ.

ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿಯಲ್ಲಿ, ರಾಗಿ ಕೊಯ್ಲಿನಲ್ಲಿ ಸಭೆ ಇಡಬೇಡಿ. ಶಿಡ್ಲಘಟ್ಟ, ಚಿಂತಾಮಣಿ ಸುತ್ತ ರೇಷ್ಮೆ ಮನೆಗಳಲ್ಲಿ ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದಿದ್ದರೆ ಆ ಮನೆಯವರು ಸೊಪ್ಪು ಬಿಟ್ಟು ಕದಲುವುದಿಲ್ಲ. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ಮೇಲಿನ ವಾರ ಅನುಕೂಲ. ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು, ಪಾವಗಡದ ಎಷ್ಟೋ ಮನೆಗಳ ಒಳಮಾತು ತೆಲುಗು. ದುಃಖವನ್ನು ಜನ ಮನೆ ಭಾಷೆಯಲ್ಲೇ ಹೇಳಿಕೊಳ್ಳುವುದರಿಂದ ತೆಲುಗು ಬಲ್ಲ ಒಬ್ಬರು ಜೊತೆಗಿರಲಿ. ಉರ್ದು ಮನೆಗಳಿದ್ದರೆ ಹಾಗೆಯೇ.

3. ನಲವತ್ತು ನಿಮಿಷ

‘ಮಾನಸಿಕ ಕಾಯಿಲೆ ಎಂದರೇನು’ ಎಂದು ಶುರು ಮಾಡಬೇಡಿ. ನಿದ್ದೆಯಿಂದ ಶುರು ಮಾಡಿ. ‘ಇಲ್ಲಿ ಯಾರ್‍ಯಾರಿಗೆ ರಾತ್ರಿ ನಿದ್ದೆ ಸರಿಯಾಗಿ ಬರ್ತದೆ?’ ಎಂದರೆ ಮೊದಲು ನಗು, ಆಮೇಲೆ ನಿಜ ಬರುತ್ತದೆ. ಐದು ನಿಮಿಷ ಅದಕ್ಕೇ ಹೋಗಲಿ.

ಮುಂದಿನ ಹದಿನೈದು ನಿಮಿಷ ಎರಡು ಕಥೆ. ಊರಿನ ಯಾರಿಗೂ ಹೋಲದಂತೆ ಹೆಣೆದುಕೊಂಡು ಹೋಗಿ. ಒಂದು ಹೀಗಿರಬಹುದು: ಹೆರಿಗೆಯಾಗಿ ಆರು ವಾರದ ಬಾಣಂತಿ. ಮಗು ಅತ್ತರೂ ಎತ್ತಿಕೊಳ್ಳುವುದಿಲ್ಲ, ಮಗು ಮಲಗಿದರೂ ಇವಳಿಗೆ ನಿದ್ದೆಯಿಲ್ಲ, ‘ನಾನಿದ್ದೇನು ಪ್ರಯೋಜನ’ ಎನ್ನುತ್ತಾಳೆ. ಅತ್ತೆ ‘ಸೋಮಾರಿತನ’ ಎನ್ನುತ್ತಾರೆ, ಅಮ್ಮ ‘ಗಾಳಿ ಸೋಕಿದೆ’ ಎನ್ನುತ್ತಾರೆ. ಇನ್ನೊಂದು: ಪಿಯುಸಿ ಮುಗಿಸಿದ ಹುಡುಗ. ಎರಡು ತಿಂಗಳಿಂದ ಕೋಣೆ ಬಿಟ್ಟು ಬರುವುದಿಲ್ಲ, ಸ್ನಾನ ಬಿಟ್ಟಿದ್ದಾನೆ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದು ಕಿಟಕಿಗೆ ಬಟ್ಟೆ ಕಟ್ಟಿದ್ದಾನೆ, ರಾತ್ರಿ ಯಾರಿಗೋ ಉತ್ತರ ಕೊಡುತ್ತಿರುತ್ತಾನೆ.

ಹೇಳಿ ಮುಗಿಸಿ, ‘ಏನಾಗಿರಬಹುದು? ನಿಮ್ಮನೆಯಲ್ಲಾದರೆ ಏನ್ ಮಾಡ್ತೀರಿ?’ ಎಂದು ಕೇಳಿ ಸುಮ್ಮನಿರಿ. ಮಾಟ, ದೆವ್ವ, ಗ್ರಹಚಾರ ಎಲ್ಲವೂ ಬರುತ್ತದೆ. ನಗಬೇಡಿ, ವಾದಕ್ಕಿಳಿಯಬೇಡಿ. ನಕ್ಕರೆ ಮುಂದೆ ಯಾರೂ ಮನಸ್ಸಿನಲ್ಲಿದ್ದುದನ್ನು ಹೇಳುವುದಿಲ್ಲ. ಎಲ್ಲರದ್ದೂ ಆದ ಮೇಲೆ, ಮೊದಲನೆಯದು ಹೆರಿಗೆಯ ನಂತರದ ಖಿನ್ನತೆ, ಎರಡನೆಯದು ಚಿತ್ತವಿಕಲತೆಯಂಥ (ಸ್ಕಿಜೋಫ್ರೀನಿಯಾ) ಕಾಯಿಲೆ ಇರಬಹುದು, ಎರಡಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧವಿದೆ ಎಂದಷ್ಟೇ ಹೇಳಿ.

ಇಲ್ಲೊಂದು ಎಡವಟ್ಟು ಆಗಾಗ ಆಗುತ್ತದೆ. ತಿಳಿದವರು ‘ಇದು ಮೆದುಳಿನ ಕೆಮಿಕಲ್ ವ್ಯತ್ಯಾಸ, ಸಕ್ಕರೆ ಕಾಯಿಲೆ ಇದ್ದ ಹಾಗೆ’ ಎಂದು ಒತ್ತಿ ಒತ್ತಿ ಹೇಳುತ್ತಾರೆ. ಬರೀ ಈ ವಿವರಣೆ ಕೊಟ್ಟರೆ ರೋಗಿಯ ಮೇಲಿನ ದೂರು ತಗ್ಗಿದರೂ ‘ಹಾಗಾದರೆ ಇದು ವಾಸಿಯಾಗಲ್ಲ, ಇವರಿಂದ ದೂರವಿರೋಣ’ ಎಂಬ ಭಾವನೆ ಹೆಚ್ಚಬಹುದು ಎಂದು ಸಂಶೋಧನೆಗಳು ತೋರಿಸಿವೆ. ಸಾಲ, ಬೋರ್‌ವೆಲ್ ಬತ್ತುವುದು, ಟೊಮೆಟೊ ಬೆಲೆ ಬೀಳುವುದು, ಮನೆಯ ಹೊಡೆತ ಬಡಿತ, ಕುಡಿತ, ದೇಹದ ಗುಣ ಎಲ್ಲ ಸೇರಿ ಆಗುತ್ತದೆ, ಚಿಕಿತ್ಸೆ ಪಡೆದವರು ಮತ್ತೆ ದುಡಿಯುತ್ತಾರೆ ಎಂದು ಹೇಳುವುದೇ ಸರಿ.

ಅಂಕಿ ಬೇಕೆಂದರೆ ಒಂದು ಸಾಕು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಆ ಸಮೀಕ್ಷೆಯ ಪೂರ್ವಭಾವಿ ಅಧ್ಯಯನ ನಡೆದದ್ದು ಕೋಲಾರ ಜಿಲ್ಲೆಯಲ್ಲೇ. ‘ಹತ್ತು ಜನರಲ್ಲಿ ಒಬ್ಬರು’ ಎಂದರೆ ಕೂತವರು ಅಕ್ಕಪಕ್ಕ ನೋಡಿಕೊಳ್ಳುತ್ತಾರೆ. ಅಷ್ಟು ಸಾಕು, ಯಾರನ್ನೂ ಬೆರಳು ಮಾಡಿ ತೋರಿಸಬೇಡಿ.

ಉಳಿದ ಇಪ್ಪತ್ತು ನಿಮಿಷ ಪ್ರಶ್ನೆಗಳಿಗೆ. ಎಲ್ಲಾ ಊರಲ್ಲೂ ಹೆಚ್ಚು ಕಡಿಮೆ ಇವೇ ಬರುತ್ತವೆ, ಉತ್ತರ ಗಟ್ಟಿಯಾಗಿರಲಿ.

‘ಮದುವೆ ಮಾಡಿದರೆ ಸರಿಹೋಗುತ್ತಾ?’ ಇಲ್ಲ. ನಿದ್ದೆಗೆಟ್ಟು ಓಡಾಟ, ಹೊಸ ಮನೆ, ಗಂಡನ ಮನೆಯವರಿಗೆ ಗೊತ್ತಾಗಬಾರದೆಂದು ಮಾತ್ರೆ ನಿಲ್ಲಿಸುವುದು, ಇವೆಲ್ಲ ಸೇರಿ ಕಾಯಿಲೆ ಮರುಕಳಿಸುತ್ತದೆ. ಗುಣವಾದ ಮೇಲೆ, ಎರಡೂ ಕಡೆ ತಿಳಿದು ಆದ ಮದುವೆಗೆ ಅಡ್ಡಿಯಿಲ್ಲ. ಮಗು ಬಯಸುವ ಹೆಣ್ಣುಮಕ್ಕಳು ಮೊದಲೇ ವೈದ್ಯರಿಗೆ ಹೇಳಬೇಕು. ಸೋಡಿಯಂ ವ್ಯಾಲ್‌ಪ್ರೊಯೇಟ್‌ನಂಥ ಮಾತ್ರೆ ಗರ್ಭದ ಮಗುವಿಗೆ ಹಾನಿ, ಬದಲಿಸಿ ಕೊಡುತ್ತಾರೆ.

‘ಮಾತ್ರೆ ಚಟ ಆಗಲ್ವಾ? ಜೀವನಪೂರ್ತಿ ನುಂಗಬೇಕಾ?’ ಖಿನ್ನತೆಯ ಮಾತ್ರೆ, ಚಿತ್ತವಿಕಲತೆಯ ಮಾತ್ರೆ ಚಟ ಹಿಡಿಸುವುದಿಲ್ಲ. ಚಟವಾಗುವುದು ಅಲ್ಪ್ರಜೋಲಾಂ, ಡಯಾಜೆಪಾಂನಂಥ ನಿದ್ದೆ ಮಾತ್ರೆ. ಹಳೇ ಚೀಟಿ ತೋರಿಸಿ ಮೆಡಿಕಲ್ಲಿನಲ್ಲಿ ಕೊಂಡು ನುಂಗುವುದು ಅದಕ್ಕೇ ಕೆಟ್ಟದ್ದು. ಮೊದಲ ಸಲದ ಖಿನ್ನತೆಗೆ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸುತ್ತಾರೆ. ಚಿತ್ತವಿಕಲತೆಗೆ ವರ್ಷಗಟ್ಟಲೆ ಬೇಕಾಗುತ್ತದೆ. ನಿಲ್ಲಿಸುವುದಾದರೆ ವೈದ್ಯರು ಹೇಳಿದಂತೆ, ನಿಧಾನಕ್ಕೆ.

‘ಮಕ್ಕಳಿಗೂ ಬರುತ್ತಾ?’ ತಂದೆ ಅಥವಾ ತಾಯಿಗೆ ಚಿತ್ತವಿಕಲತೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಸುಮಾರು ಹತ್ತರಲ್ಲಿ ಒಂದು. ಅಂದರೆ ಒಂಬತ್ತು ಮಕ್ಕಳಿಗೆ ಬರುವುದಿಲ್ಲ.

‘ಕರೆಂಟ್ ಕೊಡ್ತಾರಂತೆ?’ ಹೆಚ್ಚಿನವರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಅರಿವಳಿಕೆ ಕೊಡದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

4. ಗುಣವಾದವರ ಹತ್ತು ನಿಮಿಷ

ಕಾಯಿಲೆಯಿಂದ ಎದ್ದುಬಂದವರು ಎದುರಿಗೆ ಕೂತು ಮಾತಾಡುವುದು ಕಳಂಕ ತಗ್ಗಿಸುವ ದಾರಿಗಳಲ್ಲಿ ಎಲ್ಲಕ್ಕಿಂತ ಗಟ್ಟಿ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗದ 2022ರ ವರದಿಯೂ ಇದನ್ನೇ ಎತ್ತಿ ಹಿಡಿದಿದೆ. ಆದರೆ ಅಜಾಗರೂಕತೆಯಿಂದ ಮಾಡಿದರೆ ಆ ಮನೆಗೆ ಅನ್ಯಾಯ. ಅದೇ ಊರಿನವರನ್ನು ಮೊದಲ ಸಭೆಗೇ ಕರೆಯಬೇಡಿ, ತಂಗಿಯ ಸಂಬಂಧ ಮುರಿದುಬಿದ್ದರೆ ಅದನ್ನು ನೀವು ಕಟ್ಟಿಕೊಡಲಾರಿರಿ. ಪಕ್ಕದ ತಾಲ್ಲೂಕಿನವರು ಮೇಲು. ಅವರದ್ದೂ ಮನೆಯವರದ್ದೂ ಒಪ್ಪಿಗೆಯನ್ನು ಎರಡು ಸಲ ಕೇಳಿ: ಒಂದು ವಾರ ಮುಂಚೆ, ಮತ್ತೆ ಅದೇ ದಿನ ಬೆಳಿಗ್ಗೆ. ಬೇಡ ಎಂದರೆ ಕಾರಣ ಕೇಳದೆ ಬಿಡಿ.

ಮೂರು ವಿಷಯ ಹೇಳಿದರೆ ಸಾಕು: ಶುರುವಾದದ್ದು ಹೇಗೆ, ಯಾವುದು ಅನುಕೂಲವಾಯಿತು, ಈಗ ಏನು ಕೆಲಸ ಮಾಡುತ್ತಿದ್ದಾರೆ. ಮೂರನೆಯದಕ್ಕೇ ಹೆಚ್ಚು ಹೊತ್ತು ಸಿಗಲಿ. ಬಸ್ ಚಾರ್ಜ್ ಜೊತೆಗೆ ಆ ದಿನದ ಕೂಲಿಯನ್ನೂ ಕೊಡಿ. ಫೋಟೊ, ವಿಡಿಯೊ, ವಾಟ್ಸ್‌ಆ್ಯಪ್ ಸ್ಟೇಟಸ್ ಯಾವುದೂ ಬೇಡ. ಮೇಲಿನವರಿಗೆ ವರದಿ ಬೇಕೆಂದರೆ ಖಾಲಿ ಕುರ್ಚಿಯ ಫೋಟೊ ಕಳಿಸಿ.

5. ಸಭೆ ಮುಗಿದ ಮೇಲೆ ಬರುವವರು

ಜಮಖಾನೆ ಮಡಿಸುವಾಗ ಒಬ್ಬರು ಹತ್ತಿರ ಬಂದು ನಿಲ್ಲುತ್ತಾರೆ. ‘ಅಕ್ಕಾ, ನಮ್ ಸಂಬಂಧಿಕರಿಗೆ ಹಿಂಗೇ...’ ಎನ್ನುತ್ತಾರೆ. ಅದು ಅವರ ಮನೆಯದ್ದೇ ಇರಬಹುದು, ಅವರದ್ದೇ ಇರಬಹುದು, ಕೆದಕಬೇಡಿ. ಅರ್ಧ ಗಂಟೆ ಇವರಿಗೆಂದೇ ಇಟ್ಟುಕೊಳ್ಳಿ, ಕೊನೆ ಬಸ್ಸಿನ ಅವಸರದಲ್ಲಿ ಸಭೆ ಇಡಬೇಡಿ. ನಿದ್ದೆ, ಊಟ, ಕೆಲಸ, ಎಷ್ಟು ದಿನದಿಂದ, ಕುಡಿತ ಉಂಟೇ, ಇಷ್ಟು ಕೇಳಿ.

ಆಮೇಲೆ ನೇರವಾಗಿ: ‘ಸಾಯಬೇಕು ಅನ್ನಿಸಿದ್ದುಂಟಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೇಳಿದ್ದಕ್ಕೆ ಎದೆ ಹಗುರಾಯಿತು ಎನ್ನುವವರೇ ಹೆಚ್ಚು. ‘ಹೌದು’ ಎಂದರೆ ಒಬ್ಬರನ್ನೇ ಬಿಡಬೇಡಿ, ಅಲ್ಲೇ 14416ಕ್ಕೆ ಕರೆ ಹಚ್ಚಿ, ಮನೆಯವರೊಬ್ಬರನ್ನು ಕರೆಸಿ, ಅಂದೇ ಅಥವಾ ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯ ಕ್ರಿಮಿನಾಶಕವನ್ನು ಹೊರಗೆ ಸಾಗಿಸಿ. ಸಾಯುವ ಆವೇಗ ಎಷ್ಟೋ ಸಲ ಕೆಲವೇ ಗಂಟೆಗಳದ್ದು. ಆ ಹೊತ್ತಿನಲ್ಲಿ ಕೈಗೆಟುಕುವಂತೆ ಡಬ್ಬಿ ಇಲ್ಲದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕ್ರಿಮಿನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆ ಪ್ರಮಾಣ ಗಣನೀಯವಾಗಿ ಇಳಿದದ್ದು ಇದೇ ಕಾರಣಕ್ಕೆ. ಗೊಬ್ಬರದ ಅಂಗಡಿಯವರಿಗೂ ಹೇಳಿಡಿ: ಬೆಳೆ ಯಾವುದು, ರೋಗ ಯಾವುದು ಎಂದರೆ ತಡವರಿಸುವವರಿಗೆ, ಕುಡಿದು ಬಂದವರಿಗೆ ‘ಸ್ಟಾಕ್ ಇಲ್ಲ, ನಾಳೆ ಬಾರಪ್ಪ’ ಎನ್ನಲಿ, ಮನೆಗೊಂದು ಫೋನ್ ಮಾಡಲಿ.

ವಿಷ ಕುಡಿದೇಬಿಟ್ಟಿದ್ದರೆ 108ಕ್ಕೆ ಕರೆ ಮಾಡಿ. ಉಪ್ಪುನೀರು, ಸಗಣಿ ನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋದರೆ ವಿಷಕ್ಕಿಂತ ಮೊದಲು ಅದೇ ಕೊಲ್ಲಬಹುದು. ವಿಷ ಬಿದ್ದ ಬಟ್ಟೆ ತೆಗೆದು ಮೈ ತೊಳೆದು, ಎಡಕ್ಕೆ ಮಗ್ಗುಲಾಗಿ ಮಲಗಿಸಿ, ಡಬ್ಬಿಯನ್ನು ಜೊತೆಗೇ ಒಯ್ಯಿರಿ. ‘ಪೊಲೀಸ್ ಕೇಸ್ ಆಗುತ್ತೆ’ ಎಂದು ತಡ ಮಾಡುವ ಮನೆಗಳಿವೆ. ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ ದಾಖಲೆ) ಬರೆಯುವುದು ದಾಖಲೆಗೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೇ ಕಲಂ ಹೇಳುತ್ತದೆ.

6. ಗುಡಿ, ದರ್ಗಾ, ಸರಪಳಿ

ಮಾರಮ್ಮನ ಗುಡಿಗೋ ಮುರುಗಮಲ್ಲದ ದರ್ಗಾಕ್ಕೋ ಹರಕೆ ಹೊತ್ತು ಹೋಗುವವರನ್ನು ತಡೆಯಬೇಡಿ. ‘ಪೂಜೆ ನಡೀಲಿ, ಮಾತ್ರೆನೂ ನಡೀಲಿ’ ಎಂಬ ಮಾತು ಒಪ್ಪಿಗೆಯಾಗುತ್ತದೆ. ಪೂಜಾರಿ, ಮುಜಾವರರ ಹತ್ತಿರವೇ ಹತ್ತು ಚೀಟಿ ಇಡಿ; ಅವರ ಬಾಯಿಂದ ‘ಆಸ್ಪತ್ರೆಗೂ ತೋರಿಸಿ’ ಎಂದು ಬಂದರೆ ವೈದ್ಯರು ಹೇಳಿದ್ದಕ್ಕಿಂತ ಬೇಗ ನಡೆಯುತ್ತದೆ.

ಗೆರೆ ಎಳೆಯಬೇಕಾದ್ದು ಹೊಡೆತ, ಮೆಣಸಿನಕಾಯಿ ಹೊಗೆ, ಉಪವಾಸ ಕೆಡವುವುದು, ಸರಪಳಿ ಇವಕ್ಕೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹಿಂಸಿಸುವುದು 2020ರಲ್ಲಿ ಜಾರಿಗೆ ಬಂದ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಹಾಕಿ ಇಟ್ಟಿದ್ದವರ ಕೊಟ್ಟಿಗೆಗೆ ಬೆಂಕಿ ಬಿದ್ದು, ಓಡಲಾಗದೆ 28 ಜನ ಸತ್ತರು.

ಆದರೆ ಊರಲ್ಲಿ ಸರಪಳಿ ಹಾಕಿದ ಮನೆ ಇದ್ದರೆ ಕಾನೂನು ಹಿಡಿದು ಹೋಗಬೇಡಿ. ಓಡಿಹೋಗುತ್ತಾನೆ, ಬಾವಿಗೆ ಬೀಳುತ್ತಾನೆ ಎಂದು ಹೆದರಿ, ಬೇರೆ ದಾರಿ ಕಾಣದೆ ಹಾಕಿದವರೇ ಹೆಚ್ಚು. ‘ನೀವೆಷ್ಟು ದಿನದಿಂದ ನಿದ್ದೆಗೆಟ್ಟಿದೀರಮ್ಮ?’ ಎಂದು ತಾಯಿಯನ್ನು ಮೊದಲು ವಿಚಾರಿಸಿ. ಆಮೇಲೆ ವೈದ್ಯಾಧಿಕಾರಿ, ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ತಿಳಿಸಿ. ಸರಪಳಿ ಬಿಚ್ಚುವ ದಿನವೇ ಔಷಧ ಶುರುವಾಗುವಂತೆ ನೋಡಿಕೊಳ್ಳಿ. ಮೊದಲೇ ಬಿಚ್ಚಿಸಿ ನೀವು ಹೊರಟುಹೋದರೆ ಮರುವಾರ ಮತ್ತೆ ಬೀಗ ಬೀಳುತ್ತದೆ.

7. ಮಾತ್ರೆಯ ಮೊದಲ ತಿಂಗಳು

ಜನ ಬಿಟ್ಟುಹೋಗುವುದು ಇಲ್ಲೇ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಆದರೆ ಹೊಟ್ಟೆ ತೊಳೆಸುವುದು, ಮಂಪರು ಮೊದಲ ದಿನದಿಂದಲೇ. ಕಷ್ಟ ಮೊದಲು, ಫಲ ಆಮೇಲೆ ಎಂದು ಮುಂಚೆಯೇ ಹೇಳದಿದ್ದರೆ ಒಂದೇ ವಾರಕ್ಕೆ ಡಬ್ಬಿ ಸೂರಿಗೆ ಸೇರುತ್ತದೆ. ಐದನೇ ದಿನ ಒಮ್ಮೆ, ಹದಿನೈದನೇ ದಿನ ಒಮ್ಮೆ ಆಶಾ ಮನೆಗೆ ಹೋಗಿ ಬರಲಿ.

ಚಿತ್ತವಿಕಲತೆಗೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧ ಶುರುವಾದ ಮೊದಲ ದಿನಗಳಲ್ಲಿ ಕೆಲವರಿಗೆ, ಅದರಲ್ಲೂ ಹುಡುಗರಿಗೆ, ಕತ್ತು ಒಂದು ಕಡೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಸೆಟೆಯುತ್ತದೆ. ನೋಡಿದವರಿಗೆ ಥೇಟ್ ದೆವ್ವ ಮೈಮೇಲೆ ಬಂದ ಹಾಗೆ. ಮನೆಯವರು ಆಸ್ಪತ್ರೆ ಬಿಟ್ಟು ಮಂತ್ರವಾದಿಯ ಬಳಿಗೆ ಓಡುತ್ತಾರೆ, ಅಲ್ಲಿಗೆ ಚಿಕಿತ್ಸೆ ಮುಗಿಯಿತು. ಇದು ಔಷಧದ ಅಡ್ಡಪರಿಣಾಮ, ಹತ್ತಿರದ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಬಿಡುತ್ತದೆ. ಮಾತ್ರೆ ಕೈಗೆ ಕೊಡುವ ದಿನವೇ ಈ ಮೂರು ಲಕ್ಷಣ ಹೇಳಿ ಕಳಿಸಿ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ನುಂಗುವವರು ಬೇಸಿಗೆಯಲ್ಲಿ ನೀರು ಕಡಿಮೆ ಮಾಡಬಾರದು, ಉಪ್ಪು ಬಿಡಬಾರದು. ವಾಂತಿಭೇದಿ, ಕೈ ನಡುಕ ಜೋರಾದರೆ ತಕ್ಷಣ ವೈದ್ಯರಿಗೆ ತೋರಿಸಬೇಕು.

ಚೇತರಿಸಿಕೊಂಡವರನ್ನು ಕೆಲಸಕ್ಕೆ ಹಚ್ಚುವುದು ಮುಂದಿನದು. ಮೊದಲ ತಿಂಗಳೇ ಪೂರ್ತಿ ಕೂಲಿ ಬೇಡ, ಹಸು ನೋಡಿಕೊಳ್ಳುವುದು, ಡೈರಿಗೆ ಹೋಗುವುದು, ಸಂಘದ ಪುಸ್ತಕ ಬರೆಯುವುದು. ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಚಿತ್ತವಿಕಲತೆ ಇರುವವರನ್ನು ಊರಲ್ಲೇ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿಕೊಂಡಿದೆ. ಇದು ಹಳ್ಳಿಯಲ್ಲಾಗದ ಕೆಲಸವೇನಲ್ಲ. ದೀರ್ಘಕಾಲದ ಕಾಯಿಲೆ ಇದ್ದವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಬರುತ್ತಾರೆ. ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರವಾದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಪಿಂಚಣಿಗೆ ಅರ್ಜಿ ಹಾಕಬಹುದು, ಓಡಾಟಕ್ಕೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ ಇದ್ದಾರೆ. ಅದನ್ನು ಒತ್ತಾಯಿಸಬೇಡಿ, ಆ ಕಾರ್ಡೇ ಬೇಡ ಎನ್ನುವ ಮನೆಗಳೂ ಇವೆ.

8. ಲೆಕ್ಕ

ಸಭೆಗೆ ಎಷ್ಟು ಜನ ಬಂದರು ಎಂಬುದು ಫೋಟೊಗೆ ಮಾತ್ರ ಬೇಕಾದ ಲೆಕ್ಕ. ಪುಸ್ತಕದಲ್ಲಿ ನಾಲ್ಕು ಕಾಲಂ ಹಾಕಿ: ಮೊದಲ ಸಲ ಆಸ್ಪತ್ರೆಗೆ ಹೋದವರು, ಎರಡನೇ ತಿಂಗಳೂ ಹೋದವರು, ಮೂರನೇ ತಿಂಗಳೂ ಹೋದವರು, ಕೆಲಸಕ್ಕೆ ಮರಳಿದವರು. ಹೆಸರು ಬೇಡ, ನಂಬರ್ ಸಾಕು. ಪುಸ್ತಕ ಪಂಚಾಯಿತಿ ಟೇಬಲ್ ಮೇಲೆ ಬೀಳದೆ ಆಶಾ ಚೀಲದಲ್ಲೇ ಇರಲಿ. ಒಂದರಿಂದ ಎರಡನೇ ಕಾಲಮ್ಮಿಗೆ ಸಂಖ್ಯೆ ಕುಸಿದಿದ್ದರೆ ಅಡ್ಡಪರಿಣಾಮದ ಮಾತು ಸರಿಯಾಗಿ ಹೇಳಿಲ್ಲ ಅಥವಾ ಬಸ್ಸಿನ ಖರ್ಚು ಹೆಚ್ಚಾಗಿದೆ ಎಂದು ತಿಳಿಯಿರಿ. ಮೊದಲ ಕಾಲಮ್ಮೇ ಖಾಲಿ ಇದ್ದರೆ ಇನ್ನೊಂದು ಸಭೆ ಕರೆಯುವ ಬದಲು ಚೀಟಿಯಲ್ಲಿ ಬರೆದ ದಿನಕ್ಕೆ ಆ ಕೊಠಡಿಯ ಬಾಗಿಲು ತೆರೆದಿರುತ್ತದೆಯೇ ಎಂದು ಹೋಗಿ ನೋಡಿ ಬನ್ನಿ.